ಹಣ್ಣು, ಬೆಲ್ಲ, ಮೆಣಸಿನಕಾಯಿ

ಕಳೆದ ಬೇಸಿಗೆಯಲ್ಲಿ ಅಮೆರಿಕದಿಂದ ಮೈಸೂರಿಗೆ ಬಂದ ನನ್ನ ಮಗ ಪೆಟ್ಟಿಗೆಯಿಂದ ಒಂದು ಚಿಕ್ಕ ಸೀಸೆಯನ್ನು ತೆಗೆದು ಊಟದ ಮೇಜಿನ ಮೇಲಿಟ್ಟ. ಒಳಗೆ ಕಿತ್ತಳೆ ಬಣ್ಣದ ಮಂದವಾದ ರಸ. ಮಾವಿನ ಹಣ್ಣಿನ ತಿರುಳಿಗೆ ಹ್ಯಾಬನೇರೊ ಎಂಬ ಉಗ್ರವಾದ ಮೆಣಸಿನಕಾಯಿಯನ್ನೂ ವಿನಿಗರನ್ನೂ ಬೆರೆಸಿ ಮಾಡಿದ ಸಾಸು ಅದು. “ರುಚಿ ನೋಡಿ ಹೇಳಿ, ಅಪ್ಪ” ಎಂದ. ಕಾವ್ಯದ ರುಚಿಯನ್ನು ಕುರಿತು ಮೂವತ್ತು ವರ್ಷ ತರಗತಿಗಳಲ್ಲಿ ಮಾತನಾಡಿದವನು ನಾನು. ಆ ಧೈರ್ಯದ ಮೇಲೆ ಅರ್ಧ ಚಮಚದಷ್ಟನ್ನು ಒಮ್ಮೆಗೇ ಬಾಯಿಗೆ ಹಾಕಿಕೊಂಡೆ. ಅನಂತರ ಕೆಲವು ನಿಮಿಷಗಳ ಕಾಲ ನನ್ನಿಂದ ಯಾವ ವಿಮರ್ಶೆಯೂ ಹೊರಡಲಿಲ್ಲ.

ಎರಡು ಲೋಟ ನೀರು ಕುಡಿದರೂ ಉರಿ ಇಳಿಯಲಿಲ್ಲ. ಮಗ ಮೊಸರು ತಂದುಕೊಟ್ಟ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲವೆಂದೂ ಜಿಡ್ಡಿಗೂ ಹಾಲು ಮೊಸರುಗಳಿಗೂ ಮಣಿಯುತ್ತದೆಂದೂ ವಿವರಿಸಿದ. ನಿಜವಾಗಿ ಈ ಖಾರವೆಂಬುದು ರುಚಿಯೇ ಅಲ್ಲವಂತೆ. ಸುಡುವ ಬಿಸಿಯನ್ನು ಗುರುತಿಸಲೆಂದು ನರಗಳಲ್ಲಿರುವ ಗ್ರಾಹಕವೊಂದನ್ನೇ ಅದು ತಟ್ಟಿ ಎಬ್ಬಿಸುತ್ತದೆ. ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಇದನ್ನು ಕಂಡುಹಿಡಿದರು; 2021ರ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ ಅವರಿಗೆ ಪಾಲು ದೊರೆತದ್ದು ಇಂಥ ಶೋಧಗಳಿಗಾಗಿ. ಬೆಂಕಿಯಿಲ್ಲದೆಯೇ ನಾಲಗೆ ಬೆಂದೆನೆಂದು ಭ್ರಮಿಸುತ್ತದೆ. ನಮ್ಮ ಹಿರಿಯರು ಷಡ್ರಸಗಳಲ್ಲಿ ಕಟುವನ್ನೂ ಒಂದಾಗಿ ಎಣಿಸಿದರು. ಶಾಸ್ತ್ರ ಏನೇ ಹೇಳಲಿ, ಉಣ್ಣುವವನಿಗೆ ಅದು ರುಚಿಯೇ.

ಎರಡನೆಯ ಸಲ ಎಳ್ಳುಕಾಳಿನಷ್ಟನ್ನು ಅಕ್ಕಿರೊಟ್ಟಿಯ ಚೂರಿಗೆ ಸವರಿ ಬಾಯಲ್ಲಿಟ್ಟುಕೊಂಡು ಕಾದೆ. ಮೊದಲು ಮಾವಿನ ಕಂಪು, ಅದರ ಹಿಂದೆ ಸಿಹಿ, ಬಳಿಕ ಹುಳಿ. ಎಲ್ಲ ಮುಗಿಯಿತು ಎನ್ನುವಾಗ ಗಂಟಲಿನ ಕಡೆಯಿಂದ ಮೆಲ್ಲಗೆ ಏರಿಬಂದ ಖಾರ. ಈ ಕ್ರಮ ನನಗೆ ಪರಿಚಿತವಾದದ್ದೇ. ಇದು ನಮ್ಮ ಗೊಜ್ಜಿನ ದಾಯಾದಿ ಎನಿಸಿತು.

ಗೊಜ್ಜನ್ನು ನಾವು ಅನಾದಿಯಿಂದ ಬಂದದ್ದೆಂದು ಭಾವಿಸುತ್ತೇವೆ. ಅನಾನಸಿನ ಗೊಜ್ಜಿನ ಮಟ್ಟಿಗೆ ಅದು ಸಲ್ಲದು. ಅನಾನಸ್ಸೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಹೊರಟು, ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮ ಕರಾವಳಿಗೆ ಬಂದವು. ಭಾಷೆಯೇ ಇದಕ್ಕೆ ಸಾಕ್ಷಿ. ಮೊದಲು ನಮ್ಮಲ್ಲಿ ಮೆಣಸು ಎಂದರೆ ಬಳ್ಳಿಯ ಮೆಣಸೊಂದೇ. ಹೊಸಬನಿಗೆ ‘ಮೆಣಸಿನಕಾಯಿ’ ಎಂದು ಹೆಸರಿಟ್ಟೆವು. ಮನೆಯವನಾಗಿದ್ದ ಮೆಣಸು ‘ಕರಿಮೆಣಸು’, ‘ಕಾಳುಮೆಣಸು’ ಎಂದು ವಿಶೇಷಣವನ್ನು ಹೊತ್ತು ತಿರುಗಬೇಕಾಯಿತು. ಕರಾವಳಿಯವರು ಅದನ್ನು ‘ಒಳ್ಳೆಮೆಣಸು’ ಎಂದು ಕರೆದು ಹಳೆಯ ಅಭಿಮಾನವನ್ನು ಉಳಿಸಿಕೊಂಡಿದ್ದಾರೆ. 941ರಲ್ಲಿ ಬನವಾಸಿಯನ್ನು ಹೃದಯ ತುಂಬಿ ನೆನೆದ ಪಂಪ ಈ ಎರಡನ್ನೂ ಕಂಡವನಲ್ಲ. ಇಂದು ಅದೇ ಬನವಾಸಿಯ ಸುತ್ತಮುತ್ತ ಅನಾನಸಿನ ತೋಟಗಳಿವೆ.

ಆದರೆ ಸಿಹಿ, ಹುಳಿ, ಖಾರಗಳನ್ನು ಒಂದು ಪಾಕದಲ್ಲಿ ಕೂಡಿಸುವ ಬುದ್ಧಿ ಮಾತ್ರ ಬಹಳ ಹಳೆಯದು. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ವಿವರಿಸುವಾಗ ಹಿಡಿಯುವ ದೃಷ್ಟಾಂತ ಅಡುಗೆಮನೆಯದು. ಬೆಲ್ಲವೇ ಮೊದಲಾದ ದ್ರವ್ಯಗಳು, ವ್ಯಂಜನಗಳು, ಓಷಧಿಗಳು ಕೂಡಿ ಷಾಡವವೇ ಮೊದಲಾದ ರಸಗಳು ಹೇಗೆ ಆಗುತ್ತವೆಯೋ ಹಾಗೆ ಎನ್ನುತ್ತಾನೆ. ಸವಿಯುವವನು ಸುಮನಸ್ಕನಾಗಿರಬೇಕು ಎಂಬ ಸೂಚನೆಯೂ ಅಲ್ಲಿದೆ. ಈ ಭಾಗವನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ.

ಸೀಸೆಯ ಪ್ರಸಂಗದ ದಿನ ಗೊಜ್ಜಿನ ಮಾತು ಬಂದಾಗ ಮಗ ಒಂದು ಸಂಗತಿಯನ್ನು ಹೇಳಿದ. ಅವನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ಅವನ ತಾಯಿ ಒಂದು ದಿನ ಅನಾನಸಿನ ಗೊಜ್ಜಿಗೆ ಬೆಲ್ಲ ಹಾಕುವುದನ್ನೇ ಮರೆತಿದ್ದಳಂತೆ. ನಾನು ಎಡಗೈಯಲ್ಲಿ ಪುಸ್ತಕ ಹಿಡಿದು ಉಣ್ಣುತ್ತಿದ್ದೆನಂತೆ. “ಹೇಗಿದೆ?” ಎಂದು ಕೇಳಿದ್ದಕ್ಕೆ “ಬಹಳ ಚೆನ್ನಾಗಿದೆ” ಎಂದು ಉತ್ತರಿಸಿ ಎದ್ದುಹೋದೆನಂತೆ. ಆಮೇಲೆ ತಾನು ಬಡಿಸಿಕೊಂಡು ಬಾಯಿಗಿಟ್ಟಾಗ ಅವಳಿಗೆ ತಿಳಿದದ್ದು. “ನಿಮ್ಮ ಅಪ್ಪನಿಗೆ ಹೇಳಬೇಡ” ಎಂದು ನಕ್ಕಳಂತೆ. ಅವನು ಹೇಳಲಿಲ್ಲ. ಅವಳು ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ ಈಗ ಹೇಳಿದ. ನಾವಿಬ್ಬರೂ ನಕ್ಕೆವು. ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ.

ಮಾರನೆಯ ದಿನ ಅವಳ ಅಡುಗೆಯ ಪುಸ್ತಕವನ್ನು ಹುಡುಕಿ ತೆಗೆದೆ. ಹುರಿಯಬೇಕಾದವು: ಬ್ಯಾಡಗಿ ಮೆಣಸಿನಕಾಯಿ, ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ, ಎಳ್ಳು, ನಾಲ್ಕು ಕಾಳು ಮೆಂತ್ಯ. ಇವುಗಳನ್ನು ಕೊಬ್ಬರಿಯೊಡನೆ ರುಬ್ಬಬೇಕು. ಹಣ್ಣನ್ನು ಹುಣಿಸೆರಸ, ಉಪ್ಪು, ಅರಿಸಿನಗಳಲ್ಲಿ ಬೇಯಿಸಿ, ಬೆಲ್ಲ ಹಾಕಿ, ರುಬ್ಬಿದ್ದನ್ನು ಕೂಡಿಸಿ ಕುದಿಸಬೇಕು. ಕೊನೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಎಲ್ಲವೂ ಇತ್ತು, ಅಳತೆ ಇರಲಿಲ್ಲ. ಬೆಲ್ಲದ ಮುಂದೆ ‘ಹಣ್ಣು ನೋಡಿಕೊಂಡು’ ಎಂದಷ್ಟೇ ಬರೆದಿದ್ದಳು.

ಮೊದಲನೆಯ ಸಲ ಮೆಂತ್ಯ ಕಪ್ಪಾಗಿ ಗೊಜ್ಜೆಲ್ಲ ಕಹಿಯಾಯಿತು. ಎರಡನೆಯ ಸಲ ಬೆಲ್ಲ ಮುಂದಾಗಿ ಅದು ಪಾಯಸದ ನೆಂಟನಂತೆ ತೋರಿತು. ಮೂರನೆಯ ಸಲ ಹಣ್ಣಿನ ಚೂರನ್ನು ಮೊದಲು ತಿಂದು ನೋಡಿದೆ, ಅದು ಹುಳಿಯಾಗಿತ್ತು. ಹುಣಿಸೆಯನ್ನು ಕಡಿಮೆ ಮಾಡಿದೆ, ಬೆಲ್ಲವನ್ನು ಎರಡು ಕಂತಿನಲ್ಲಿ ಹಾಕಿದೆ. ‘ಹಣ್ಣು ನೋಡಿಕೊಂಡು’ ಎಂಬ ಮಾತಿನಲ್ಲಿ ಅಳತೆ ಇತ್ತೆಂಬುದು ಆಗ ತಿಳಿಯಿತು. ಹಣ್ಣು ಪ್ರತಿಸಲವೂ ಬೇರೆ. ಅದನ್ನು ಕೇಳದೆ ಬೆಲ್ಲದ ತೂಕವನ್ನು ಬರೆದಿಡುವುದು ಹೇಗೆ? 1912ರಲ್ಲಿ ಸ್ಕೋವಿಲ್ ಎಂಬ ಅಮೆರಿಕದ ಔಷಧಶಾಸ್ತ್ರಜ್ಞ ಖಾರವನ್ನು ಅಳೆಯಲು ಹೊರಟಾಗ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳ್ಳಗೆ ಮಾಡುತ್ತ ಹೋಗಿ, ಯಾವ ಹಂತದಲ್ಲಿ ಖಾರ ತಿಳಿಯದೆ ಹೋಗುವುದೆಂದು ಮನುಷ್ಯರ ನಾಲಗೆಯನ್ನೇ ಕೇಳಿದ. ಅವನಿಗೂ ಬೇರೆ ತಕ್ಕಡಿ ಇರಲಿಲ್ಲ.

ಇನ್ನು ಜೊತೆಯ ವಿಚಾರ. ಗೊಜ್ಜಾಗಲಿ ಸೀಸೆಯ ಸಾಸಾಗಲಿ, ತಾನೇ ಮಾತನಾಡುವ ಪದಾರ್ಥ. ಅದಕ್ಕೆ ಕೇಳಿಸಿಕೊಳ್ಳುವ ಜೊತೆ ಬೇಕು. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಗೊಜ್ಜು ಕಲಸಿದರೆ ಜಿಡ್ಡು ಖಾರದ ಮೊನೆಯನ್ನು ಮುರಿದು ಹಣ್ಣನ್ನು ಮುಂದಕ್ಕೆ ತರುತ್ತದೆ. ಅಕ್ಕಿರೊಟ್ಟಿ, ಒತ್ತುಶಾವಿಗೆ, ಮೆತ್ತನೆಯ ದೋಸೆ ಇವೂ ಸರಿಯಾದ ಸಂಗಾತಿಗಳು. ಮೊಸರನ್ನಕ್ಕೆ ನೆಂಚಿಕೊಂಡರೆ ಉರಿ ಇಳಿದು ಕಂಪು ಉಳಿಯುತ್ತದೆ. ಬಿಸಿಬೇಳೆಬಾತಿನ ಪಕ್ಕದಲ್ಲಿ ಮಾತ್ರ ಬಡಿಸಬಾರದು. ಅಲ್ಲಿ ಹುಣಿಸೆಯೂ ಮಸಾಲೆಯೂ ಆಗಲೇ ಇದ್ದು, ಇಬ್ಬರು ಭಾಷಣಕಾರರು ಒಂದೇ ವೇದಿಕೆಯಲ್ಲಿ ಏಕಕಾಲಕ್ಕೆ ಮಾತಿಗೆ ನಿಂತಂತಾಗುತ್ತದೆ. ಗೊಜ್ಜಿಗೆ ಒಂದು ರಾತ್ರಿಯ ವಿಶ್ರಾಂತಿಯೂ ಹಿತ. ಹೊಸದಾಗಿ ಇಳಿಸಿದಾಗ ಬೇರೆಬೇರೆಯಾಗಿ ತೋರುವ ರುಚಿಗಳು ಮರುದಿನ ಒಂದರೊಳಗೊಂದು ಇಳಿದಿರುತ್ತವೆ.

ಮಗ ಹಿಂತಿರುಗುವ ಹಿಂದಿನ ದಿನ ಅಕ್ಕಿರೊಟ್ಟಿ ಮಾಡಿ, ತಟ್ಟೆಯ ಒಂದು ಬದಿಗೆ ಗೊಜ್ಜನ್ನೂ ಇನ್ನೊಂದು ಬದಿಗೆ ಅವನ ಸಾಸನ್ನೂ ಬಡಿಸಿದೆ. ಪುಸ್ತಕವನ್ನು ಒಳಗಿಟ್ಟು ಬಂದಿದ್ದೆ. ಅವನು ಎರಡು ತುತ್ತು ತಿಂದು, “ಅಮ್ಮನ ಗೊಜ್ಜಿನ ಹಾಗಿಲ್ಲ” ಎಂದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಹಾಕಿಸಿಕೊಂಡ. ಬೆಲ್ಲ ಕೂದಲೆಳೆಯಷ್ಟು ಹೆಚ್ಚಾಗಿತ್ತೆಂದು ನನಗೇ ತಿಳಿದಿತ್ತು. ಹಾಗೆಂದು ಅವನಿಗೂ ಹೇಳಿದೆ.

ಮೊನ್ನೆ ಅವನು ದೂರವಾಣಿಯಲ್ಲಿ ಕರೆದು, ಅಲ್ಲಿಯೇ ಮಾಡಿನೋಡುತ್ತೇನೆ, ಅಳತೆ ಹೇಳಿ ಎಂದ. ಒಂದು ಸಣ್ಣ ಅನಾನಸ್ಸಿಗೆ ಎಂಟು ಬ್ಯಾಡಗಿ, ನೆಲ್ಲಿಕಾಯಿಯಷ್ಟು ಹುಣಿಸೆಹಣ್ಣು ಎಂದು ಒಂದೊಂದಾಗಿ ಬರೆಸಿದೆ. “ಬೆಲ್ಲ ಎಷ್ಟು?” ಎಂದು ಕೇಳಿದ.

“ಹಣ್ಣು ತಿಂದು ನೋಡಿದೆಯಾ?” ಎಂದೆ.