ವಿನ್ಯಾಸ ವಿದ್ಯೆಯೂ ನಮ್ಮ ಮಕ್ಕಳೂ

(ವಡಾಲದಲ್ಲಿ ನಡೆದ ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಕಾರಕೂನನೊಬ್ಬ ಮಾತಾಡಲು ಎದ್ದು ನಿಂತರೆ ಠೇವಣಿಯ ಬಡ್ಡಿಯನ್ನೋ ಉಳಿತಾಯದ ಮಹತ್ವವನ್ನೋ ಹೇಳುವನೆಂದು ತಾವು ನಿರೀಕ್ಷಿಸಿದ್ದರೆ ತಪ್ಪಲ್ಲ. ನಮ್ಮ ಕಾರ್ಯದರ್ಶಿಗಳೂ ಮೊದಲು ಅದನ್ನೇ ಕೇಳಿದ್ದರು. ನಾನೇ ಅವರನ್ನು ಒಪ್ಪಿಸಿ ವಿಷಯವನ್ನು ಬದಲಿಸಿಕೊಂಡೆ. ಹಲವು ಶಾಸ್ತ್ರಗಳನ್ನು ಕೂಡಿಸಿ ಕಲಿಸುವ ವಿನ್ಯಾಸದ ಸ್ನಾತಕೋತ್ತರ ಶಿಕ್ಷಣವೆಂಬುದೊಂದು ನಮ್ಮ ಊರಿನಲ್ಲೇ ಇದೆ. ವಡಾಲ ರೋಡಿನಲ್ಲಿ ಗಾಡಿ ಹತ್ತಿ, ಕುರ್ಲಾದಲ್ಲಿ ಬದಲಿಸಿ, ಕಾಂಜೂರಮಾರ್ಗದಲ್ಲಿ ಇಳಿದರೆ ಪೊವಾಯಿ, ಅಲ್ಲಿನ ಐ.ಐ.ಟಿ.ಯ ಆವರಣದಲ್ಲೇ ಅದು ನಡೆಯುತ್ತಿದೆ. ಇಷ್ಟು ಹತ್ತಿರವಿದ್ದೂ ನಮ್ಮ ಮನೆಗಳಲ್ಲಿ ಅದರ ಸುದ್ದಿ ಇಲ್ಲ. ಇದ್ದರೂ ತಪ್ಪು ಸುದ್ದಿ.

ವಿನ್ಯಾಸವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ಬರುವುದು ಸೀರೆಯ ಸೆರಗು, ಮದುವೆಯ ಕರೆಯೋಲೆ, ಹೆಚ್ಚೆಂದರೆ ಸಿನೇಮಾದ ಭಿತ್ತಿಚಿತ್ರ. ಇವೂ ವಿನ್ಯಾಸವೇ ಹೌದು. ಆದರೆ ನಾನು ಹೇಳಹೊರಟ ವಿದ್ಯೆಯ ವ್ಯಾಪ್ತಿ ಬೇರೆ. ಅದನ್ನು ತಿಳಿಸಲು ನಮ್ಮ ಅಡಿಗೆಮನೆಯ ತಂಬಿಗೆಗಿಂತ ಒಳ್ಳೆಯ ಸಾಧನ ನನಗೆ ದೊರೆತಿಲ್ಲ. ಕರಾವಳಿಯವರು ಅದನ್ನೇ ಚೆಂಬು ಎನ್ನಿ. 1958ರಲ್ಲಿ ಅಮೆರಿಕೆಯ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಗಳು ಭಾರತ ಸರಕಾರದ ಆಹ್ವಾನದ ಮೇಲೆ ನಮ್ಮ ದೇಶವನ್ನು ಸುತ್ತಿ ಒಂದು ವರದಿ ಬರೆದುಕೊಟ್ಟರು. ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅವರು ಮೇಲಿನ ಸ್ಥಾನ ಕೊಟ್ಟದ್ದು ಈ ತಂಬಿಗೆಗೆ. ಇದನ್ನು ಹೊಸದಾಗಿ ಮಾಡಬೇಕಾದರೆ ಏನೇನು ಯೋಚಿಸಬೇಕೆಂದು ಪಟ್ಟಿಯನ್ನೇ ಹಾಕಿದರು. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಎಷ್ಟು ದೊಡ್ಡದು? ತಲೆಯ ಮೇಲೋ ಸೊಂಟದ ಮೇಲೋ? ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ, ಬರಿದಾದಾಗ ಹೇಗೆ? ತೊಳೆಯುವುದು ಸುಲಭವೇ? ಲೋಹದ ಬೆಲೆಯೇನು, ಹಳೆಯದಾದ ಮೇಲೆ ಮಾರಿದರೆ ಎಷ್ಟು ಬಂದೀತು? ಮತ್ತೊಂದಕ್ಕೆ ತಾಗಿದಾಗ ಏನು ಸದ್ದು ಬರುತ್ತದೆ? ಇದನ್ನೂ ಬಿಟ್ಟಿಲ್ಲ.

ಈ ಪ್ರಶ್ನೆಗಳಿಗೆ ಯಾವ ಒಂದು ವಿಷಯದ ಪಂಡಿತ ಉತ್ತರ ಹೇಳಬಲ್ಲ? ಲೋಹದ ಮಾತು ಇಂಜಿನಿಯರನದು. ಕೈಯ ಅಳತೆ ಶರೀರಶಾಸ್ತ್ರದ್ದು. ನೀರು ಯಾರು ತರುತ್ತಾರೆ, ಎಲ್ಲಿಂದ ತರುತ್ತಾರೆ ಎಂಬುದು ಸಮಾಜಶಾಸ್ತ್ರದ್ದು. ಬೆಲೆ, ಗುಜರಿಯ ಲೆಕ್ಕ ನಮ್ಮಂಥ ಬಿ.ಕಾಂ. ಆದವರದು. ತಂಬಿಗೆಯನ್ನು ಯಾವ ಒಬ್ಬನೂ ಕಂಡುಹಿಡಿಯಲಿಲ್ಲ. ತಲೆತಲಾಂತರದಿಂದ ಒಬ್ಬೊಬ್ಬರು ಒಂದಿಷ್ಟು ತಿದ್ದುತ್ತ ಬಂದುದರಿಂದ ಅದು ಆ ರೂಪಕ್ಕೆ ಬಂತು. ಆದರೆ ಇಂದು ಹೊಸ ವಸ್ತುವೊಂದು ಆರು ತಿಂಗಳಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದು ಬಿಡುತ್ತದೆ. ಅದನ್ನು ತಿದ್ದಲು ತಲೆಮಾರುಗಳಿಗೆ ಪುರುಸೊತ್ತಿಲ್ಲ. ಆದುದರಿಂದ ಆ ಎಲ್ಲ ಪ್ರಶ್ನೆಗಳನ್ನು ಮೊದಲೇ ಕೇಳಲು ಕಲಿತವರು ಬೇಕಾಗುತ್ತಾರೆ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್.ಐ.ಡಿ., ಹುಟ್ಟಿತು. 1969ರಲ್ಲಿ ಪೊವಾಯಿಯ ಐ.ಐ.ಟಿ.ಯಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್, ಐ.ಡಿ.ಸಿ., ಆರಂಭವಾಯಿತು. ಜರ್ಮನಿಯ ಉಲ್ಮ್ ಎಂಬಲ್ಲಿನ ಹೆಸರಾಂತ ವಿನ್ಯಾಸ ಶಾಲೆಯಲ್ಲಿ ಕಲಿತು ಬಂದ ಸುಧಾಕರ ನಾಡಕರ್ಣಿಯವರು ಅದನ್ನು ಕಟ್ಟಿ ನಿಲ್ಲಿಸಿದವರು.

ಅಲ್ಲಿ ಏನು ಮಾಡುತ್ತಾರೆಂದು ಕೇಳುವವರಿಗೆ ನಾನು ಹೇಳುವ ಮೊದಲ ಉದಾಹರಣೆ ಮತಯಂತ್ರ. ಈ ಸಭೆಯಲ್ಲಿ ಅದರ ಗುಂಡಿಯನ್ನು ಒತ್ತದ ವಯಸ್ಕರು ಇರಲಾರರು. ಅದನ್ನು ತಯಾರಿಸುವುದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಆದರೆ ಅದಕ್ಕೆ ನಾವು ಕಾಣುವ ರೂಪ ಕೊಟ್ಟವರು ಪೊವಾಯಿಯ ಐ.ಡಿ.ಸಿ.ಯ ಅಧ್ಯಾಪಕರಾಗಿದ್ದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಸ್ವಲ್ಪ ವಿಚಾರಮಾಡಿ ನೋಡಿ. ಓದು ಬಾರದ ಅಜ್ಜಿ, ಕಣ್ಣು ಕಾಣದವರು, ಜೀವಮಾನದಲ್ಲಿ ಯಂತ್ರವನ್ನೇ ಮುಟ್ಟದ ಹೊಲದ ಆಳು, ಎಲ್ಲರೂ ಪರದೆಯ ಹಿಂದೆ ಒಬ್ಬರೇ ನಿಂತು, ಯಾರನ್ನೂ ಕೇಳದೆ, ಒಂದೇ ಸಲ, ಒಂದೇ ಗುಂಡಿ ಒತ್ತಬೇಕು. ಕೇಳಿದರೆ ಗುಟ್ಟು ಹೋಯಿತು. ಎರಡು ಸಲ ಒತ್ತಿದರೆ ಚುನಾವಣೆಯೇ ಕೆಟ್ಟಿತು. ಊರಿನಲ್ಲಿ ವಿದ್ಯುತ್ತು ಇರಲಿ ಬಿಡಲಿ, ಅದು ನಡೆಯಬೇಕು.

ಆದ್ದರಿಂದ ಯಂತ್ರವನ್ನು ಎರಡು ಭಾಗ ಮಾಡಿದರು. ಒಂದು ಅಧಿಕಾರಿಯ ಮೇಜಿನ ಮೇಲೆ, ಇನ್ನೊಂದು ಮತದಾರನ ಮುಂದೆ, ನಡುವೆ ಒಂದು ತಂತಿ. ಹಿಂದೆ ಅಧಿಕಾರಿಯು ಮತಪತ್ರವನ್ನು ಕೈಗೆ ಕೊಡುತ್ತಿದ್ದನಷ್ಟೆ. ಈಗ ಅವನು ತನ್ನ ಭಾಗದ ಗುಂಡಿ ಒತ್ತಿದಾಗ ಮಾತ್ರ ಮತದಾರನ ಭಾಗ ಒಂದು ಮತಕ್ಕೆ ತೆರೆದುಕೊಳ್ಳುತ್ತದೆ. ಹಳೆಯ ಪದ್ಧತಿಯ ಕ್ರಮವನ್ನೇ ಹೊಸ ಯಂತ್ರವೂ ಅನುಸರಿಸಿದ್ದರಿಂದ ಜನ ಬೆದರಲಿಲ್ಲ. ಹೆಸರಿನ ಪಕ್ಕದಲ್ಲೇ ಚಿಹ್ನೆ, ಚಿಹ್ನೆಯ ನೇರಕ್ಕೇ ನೀಲಿ ಗುಂಡಿ, ಬೆರಳಿಗೆ ತಿಳಿಯಲು ಬ್ರೈಲ್ ಅಂಕಿ, ಒತ್ತಿದೊಡನೆ ಕೆಂಪು ದೀಪ, ಕಿವಿಗೆ ಒಂದು ಉದ್ದನೆಯ ಸದ್ದು. ಬ್ಯಾಟರಿಯ ಮೇಲೆ ನಡೆಯುತ್ತದೆ. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಲ್ಲಿ ಇದೇ ಯಂತ್ರ ಬಳಕೆಯಾಯಿತು. ಯಂತ್ರದ ಬಗೆಗೆ ರಾಜಕೀಯದವರ ವಾದಗಳೇನೇ ಇರಲಿ, ಅದು ನನ್ನ ವಿಷಯವಲ್ಲ. ಒತ್ತುವುದು ಹೇಗೆಂದು ಮಾತ್ರ ನಮ್ಮ ಅಜ್ಜಿಯಂದಿರು ಯಾರನ್ನೂ ಕೇಳಲಿಲ್ಲ.

ಎರಡನೆಯದು ನನ್ನ ಉದ್ಯೋಗಕ್ಕೆ ಸೇರಿದ್ದು, ರೂಪಾಯಿಯ ಚಿಹ್ನೆ. ದೇವನಾಗರಿಯ ರ ಅಕ್ಷರವನ್ನೂ ರೋಮನ್ನಿನ ಆರ್ ಅಕ್ಷರವನ್ನೂ ಬೆಸೆದು, ಮೇಲೆ ಎರಡು ಅಡ್ಡಗೆರೆ ಎಳೆದ ಆ ಚಿಹ್ನೆಯನ್ನು ರಚಿಸಿದ ಡಿ. ಉದಯಕುಮಾರ್ ಅವರು ಇದೇ ಐ.ಡಿ.ಸಿ.ಯಲ್ಲಿ ಕಲಿತವರು. ಕೇಂದ್ರ ಸಂಪುಟವು ಅದನ್ನು 2010ರ ಜುಲೈ 15ರಂದು ಒಪ್ಪಿತು. ಚಿಹ್ನೆಯನ್ನು ಬರೆಯಲು ಒಂದು ಕಾಗದ ಸಾಕು. ಅದು ವ್ಯವಹಾರದಲ್ಲಿ ನಡೆಯಬೇಕಾದರೆ ಗಣಕಯಂತ್ರಗಳ ಲೋಕದಲ್ಲಿ ಅದಕ್ಕೊಂದು ಸಂಕೇತಸಂಖ್ಯೆ ಬೇಕು. ಅದು ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡಿನಲ್ಲಿ ಸಿಕ್ಕಿತು. ಬಳಿಕ ಅಕ್ಷರಗಳ ಅಚ್ಚುಗಳಲ್ಲಿ ಅದು ಸೇರಬೇಕು, ಕೀಲಿಮಣೆಯಲ್ಲಿ ಅದಕ್ಕೊಂದು ಜಾಗ ಬೇಕು, ಪಾಸ್‌ಬುಕ್ಕು ಮುದ್ರಿಸುವ ಯಂತ್ರ ಅದನ್ನು ಗುರುತಿಸಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಲವು ಕಡೆ ಆ ಚಿಹ್ನೆ ಇರಬೇಕಾದಲ್ಲಿ ಬರಿಯ ಚೌಕವೊಂದು ಮುದ್ರಣವಾಗುತ್ತಿತ್ತು. ಗಿರಾಕಿಗಳು ಅದು ಏನೆಂದು ಕೇಳುತ್ತಿದ್ದರು. ಚಿತ್ರ ಬರೆಯುವುದರಿಂದ ಆ ಚೌಕ ಹೋಗುವವರೆಗಿನ ಇಡೀ ದಾರಿಯನ್ನು ನಾನು ವಿನ್ಯಾಸವೆಂದು ಕರೆಯುತ್ತೇನೆ.

ಕನ್ನಡದ ಹಬ್ಬದ ಸಂಚಿಕೆಗಾಗಿ ಕನ್ನಡದ ಮಾತನ್ನೂ ಹೇಳಲೇಬೇಕು. ಗಣಕಯಂತ್ರದಲ್ಲಿ ಕನ್ನಡ ಓದುವವರು 'ತುಂಗಾ' ಎಂಬ ಅಕ್ಷರರೂಪವನ್ನು ಕಂಡಿರಬಹುದು. ವಿಂಡೋಸಿನೊಡನೆ ಬಂದ ಆ ಅಕ್ಷರಗಳು ರಘುನಾಥ ಜೋಶಿಯವರ ನಿರ್ದೇಶನದಲ್ಲಿ ಮುಂಬಯಿಯಲ್ಲಿ ಮೂಡಿದವು. ಅವರು ಮರಾಠಿಯವರು, ಜಾಹೀರಾತಿನ ಉದ್ಯೋಗದಲ್ಲಿದ್ದು ಆಮೇಲೆ ಐ.ಡಿ.ಸಿ.ಯಲ್ಲಿ ಅಕ್ಷರಕಲೆಯನ್ನು ಕಲಿಸಿದವರು. ಇನ್ನು ಕನ್ನಡವನ್ನು ಕೀಲಿಮಣೆಯ ಮೇಲೆ ಉಚ್ಚಾರದಂತೆ ಬೆರಳಚ್ಚಿಸುವ ಕ್ರಮವನ್ನು ರೂಪಿಸಿದ ಕಿನ್ನಿಕಂಬಳದ ಕೆ.ಪಿ. ರಾಯರೂ ಬಹುಕಾಲ ಈ ಮುಂಬಯಿಯಲ್ಲೇ ದುಡಿದವರು. ಮುಂದೆ ಕರ್ನಾಟಕ ಸರಕಾರವೂ ಅದೇ ಕ್ರಮವನ್ನು ಪ್ರಮಾಣವೆಂದು ಸ್ವೀಕರಿಸಿತು. ರಾಯರು ವಿನ್ಯಾಸದ ಪದವಿಯ ಹಂಗಿನಿಂದ ಅದನ್ನು ಮಾಡಲಿಲ್ಲ. ಭಾಷೆ, ಗಣಿತ, ಮುದ್ರಣ ಮೂರರಲ್ಲೂ ಅವರಿಗೆ ಗತಿಯಿತ್ತು. ಅಂಥ ಮನಸ್ಸು ಎಲ್ಲರಿಗೂ ತಾನಾಗಿ ಬರುವುದಿಲ್ಲ. ಒಂದಿಷ್ಟನ್ನಾದರೂ ಕಲಿಸಲು ಸಾಧ್ಯವೆಂಬ ನಂಬಿಕೆಯ ಮೇಲೆ ಈ ಸಂಸ್ಥೆಗಳು ನಿಂತಿವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು ಆಡಿ ಬೆಳೆದ ನಮ್ಮ ಮಕ್ಕಳಿಗೆ ಒಂದೇ ವಸ್ತುವನ್ನು ನಾಲ್ಕು ಬಗೆಯ ಜನ ಹೇಗೆ ನೋಡುತ್ತಾರೆಂಬುದು ಎಳವೆಯಿಂದ ಗೊತ್ತು. ಆ ಪಾಠವನ್ನು ಅವರು ದುಡ್ಡು ಕೊಡದೆ ಕಲಿತಿದ್ದಾರೆ.

ಇಷ್ಟೆಲ್ಲ ಪೀಠಿಕೆ ಏತಕ್ಕೆಂದರೆ, ಈ ಪ್ರಶ್ನೆ ಈಗ ನಮ್ಮ ಮನೆಯಲ್ಲೇ ಎದ್ದಿದೆ. ನನ್ನ ತಂಗಿ ನಮ್ಮ ವಡಾಲದ ಎನ್.ಕೆ.ಇ.ಎಸ್. ಶಾಲೆಯಲ್ಲಿ ಓದಿ, ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿ, ಮೂರು ವರ್ಷದಿಂದ ಕೆಲಸದಲ್ಲಿದ್ದಾಳೆ. ಆಸ್ಪತ್ರೆಗಳಲ್ಲಿ ಸರದಿ ಕಾದಿರಿಸುವ ತಂತ್ರಾಂಶ ಬರೆಯುವುದು ಅವಳ ಉದ್ಯೋಗ. ಅವಳು ಬರೆದದ್ದು ತಪ್ಪಿಲ್ಲದೆ ನಡೆಯುತ್ತದೆ. ಆದರೆ ನಮ್ಮ ಅಮ್ಮನಿಗೆ ಅದನ್ನು ನಡೆಸಲು ಬರುವುದಿಲ್ಲ. ಮೊಣಕಾಲು ನೋವಿಗಾಗಿ ಅಮ್ಮ ಫೋನು ಹಿಡಿದು ಅರ್ಧ ಗಂಟೆ ಒದ್ದಾಡಿ, ಕೊನೆಗೆ ರಿಕ್ಷಾ ಮಾಡಿಕೊಂಡು ಹೋಗಿ ಸಾಲಿನಲ್ಲಿ ನಿಂತು ಚೀಟಿ ತಂದರು. ಅಂದಿನಿಂದ ತಂಗಿ ಕೆಲಸ ಬಿಟ್ಟು ಎರಡು ವರ್ಷ ವಿನ್ಯಾಸದಲ್ಲಿ ಎಂ.ಡಿಸ್. ಓದುವೆನೆಂದು ಹಟ ಹಿಡಿದಿದ್ದಾಳೆ. ನಮ್ಮ ತಂದೆಯವರು ಬಂದರಿನ ನೌಕರಿಯಿಂದ ನಿವೃತ್ತರಾದವರು. ಈಗ ಇಲ್ಲಿ ಎರಡನೆಯ ಸಾಲಿನಲ್ಲೇ ಕುಳಿತಿದ್ದಾರೆ. "ಕೈಗೆ ಬರುವ ಸಂಬಳ ಬಿಟ್ಟು ಚಿತ್ರ ಬರೆಯಲು ಹೋಗ್ತೀಯಾ ಮಗಾ?" ಎಂಬುದು ಅವರ ಪ್ರಶ್ನೆ. ಅದು ಒಬ್ಬ ತಂದೆ ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಹಾರಿಕೆಯ ಉತ್ತರ ಸಲ್ಲದು, ಲೆಕ್ಕ ಕೊಡಬೇಕು.

ಮೊದಲು ಪ್ರವೇಶದ ಮಾತು. ಸೀಡ್ ಎಂಬ ಪರೀಕ್ಷೆಯನ್ನು ಐ.ಐ.ಟಿ. ಬಾಂಬೆಯೇ ನಡೆಸುತ್ತದೆ. ಅಕ್ಟೋಬರ-ನವೆಂಬರದ ಸುಮಾರಿಗೆ ಅರ್ಜಿ, ಜನವರಿಯಲ್ಲಿ ಪರೀಕ್ಷೆ. ಹನ್ನೆರಡನೆಯ ತರಗತಿಯ ಬಳಿಕ ಕನಿಷ್ಠ ಮೂರು ವರ್ಷದ ಪದವಿಯೋ ಡಿಪ್ಲೊಮಾವೋ ಆದವರು ಬರೆಯಬಹುದು; ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲವಾದರೂ ಕುಳಿತುಕೊಳ್ಳಬಹುದು. ಹಾಗೆಂದರೆ ಬಿ.ಕಾಂ. ಆದ ನಾನೂ ಬರೆಯಬಲ್ಲೆ, ನಗಬೇಡಿ! ಆದರೆ ಪರೀಕ್ಷೆ ಬರೆದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯವು. ಒಂದೊಂದು ಸಂಸ್ಥೆ ಒಂದೊಂದು ವಿಭಾಗಕ್ಕೆ ಬೇರೆ ಬೇರೆ ಅರ್ಹತೆ ಇಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿಸ್. ಮುಖ್ಯವಾಗಿ ಇಂಜಿನಿಯರಿಂಗ್, ವಿನ್ಯಾಸ, ವಾಸ್ತುಶಿಲ್ಪ ಓದಿದವರಿಗೆ. ಎನ್.ಐ.ಡಿ.ಗೆ ತನ್ನದೇ ಪ್ರವೇಶ ಪರೀಕ್ಷೆಯಿದೆ. ಅದರ ಬೆಂಗಳೂರು ಶಾಖೆ 2006ರಲ್ಲಿ ತುಮಕೂರು ರಸ್ತೆಯ ಬಳಿ ಆರಂಭವಾಗಿದ್ದು, ಊರಿನ ಕಡೆ ಮನೆಯಿರುವವರಿಗೆ ಅನುಕೂಲ. ಅರ್ಜಿಯ ಹಣ ಕಟ್ಟುವ ಮೊದಲು ಆ ವರ್ಷದ ನಿಯಮವನ್ನು ಅಕ್ಷರ ಬಿಡದೆ ಓದಿರಿ.

ಸೀಡ್ ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದು ಗಣಕಯಂತ್ರದ ಮೇಲೆ ಒಂದು ಗಂಟೆ; ಎರಡನೆಯದು ಎರಡು ಗಂಟೆ, ಕಾಗದದ ಮೇಲೆ ಚಿತ್ರ ಬರೆದು, ವಿವರಿಸಿ ಉತ್ತರಿಸುವಂಥದು. ಅದರ ಚಿತ್ರ ರವಿವರ್ಮನ ಚಿತ್ರವಲ್ಲ. ನಿಮ್ಮ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ತಿಳಿಯುವಷ್ಟಾದರೆ ಆಯಿತು. ತಂಗಿ ಈಗ ದಿನಾಲು ರಾತ್ರಿ ನಮ್ಮ ಮನೆಯ ಬಾಗಿಲ ಚಿಲಕ, ಮಿಕ್ಸರು, ಅಪ್ಪನ ಕೊಡೆ ಇವನ್ನೆಲ್ಲ ಬರೆಯುತ್ತಿದ್ದಾಳೆ.

ಇನ್ನು ಹಣ. ಇದು ನನ್ನ ಗಲ್ಲೆಯ ವಿಷಯವಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಖರ್ಚೆಂದರೆ ಶುಲ್ಕವೊಂದೇ ಎಂದು ಎಣಿಸುವವರು ಬಹಳ. ಎರಡು ವರ್ಷ ಬಾರದೆ ಹೋಗುವ ಸಂಬಳವನ್ನೂ ಖರ್ಚಿನ ಕಡೆಗೇ ಬರೆಯಬೇಕು. ನಮ್ಮ ಮನೆಯ ಲೆಕ್ಕದಲ್ಲಿ ಅದೇ ದೊಡ್ಡ ಮೊತ್ತ. ಶಿಕ್ಷಣ ಸಾಲವನ್ನು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ಮೇಲೆ ತೀರಿಸಲು ಆರಂಭಿಸಿದರಾಯಿತು. ಆದರೆ ಬಡ್ಡಿ ಅಲ್ಲಿಯವರೆಗೆ ನಿದ್ದೆ ಮಾಡುತ್ತಿರುವುದಿಲ್ಲ. ಓದುವಾಗಲೇ ತಿಂಗಳ ಬಡ್ಡಿಯನ್ನಷ್ಟಾದರೂ ಕಟ್ಟಬಲ್ಲ ಮನೆಯವರು ಕಟ್ಟುತ್ತ ಹೋಗುವುದು ಲೇಸು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಂತೆ ಆಯ್ದ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ದೊರೆಯುತ್ತದೆ. ವರ್ಷದ ವರಮಾನ 8 ಲಕ್ಷದೊಳಗಿರುವ ಮನೆಗಳಿಗೆ, ನಿಬಂಧನೆಗಳಿಗೆ ಒಳಪಟ್ಟು, 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ 3ರ ರಿಯಾಯಿತಿಯೂ ಇದೆ. ಸಂಸ್ಥೆಯ ಹೆಸರು ಪಟ್ಟಿಯಲ್ಲಿದೆಯೇ ಎಂಬುದನ್ನು ಸೇರುವ ಮೊದಲು ನೋಡಬೇಕು, ಸೇರಿದ ಮೇಲಲ್ಲ.

ಈ ಮಾತಿಗೆ ಕಾರಣವಿದೆ. ವಿನ್ಯಾಸವೆಂಬ ಹೆಸರಿಗೆ ಬೆಲೆ ಬಂದಿರುವುದರಿಂದ ಗಾಜಿನ ಕಟ್ಟಡ ಕಟ್ಟಿ, ಬಣ್ಣದ ಪುಸ್ತಿಕೆ ಹಂಚಿ, ಲಕ್ಷಗಟ್ಟಲೆ ಶುಲ್ಕ ಹೇಳುವ ಅಂಗಡಿಗಳೂ ಹುಟ್ಟಿವೆ. ಅಲ್ಲಿಗೆ ಹೋದಾಗ ಕಾರ್ಯಾಗಾರ ತೋರಿಸಿ ಎಂದು ಕೇಳಿ. ಮರ, ಲೋಹ, ಮಣ್ಣು ಮುಟ್ಟಿದ ಗುರುತು ಅಲ್ಲಿದೆಯೇ, ಪಾಠ ಹೇಳುವವರು ತಾವು ಏನನ್ನು ಮಾಡಿದ್ದಾರೆ, ಕಳೆದ ವರ್ಷ ಮುಗಿಸಿದವರು ಎಲ್ಲಿದ್ದಾರೆ ಎಂದು ವಿಚಾರಿಸಿ. ಉತ್ತರ ತೊದಲಿದರೆ ಎದ್ದು ಬನ್ನಿ.

ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸರಕಾರಿ ಸಂಸ್ಥೆಯಲ್ಲಿ ಜಾಗ ಸಿಕ್ಕರೆ ಸಹಸಾಲಗಾರನಾಗಿ ನಾನು ರುಜು ಹಾಕುವೆನೆಂದು ಹೇಳಿದ್ದೇನೆ. ಸಿಗದಿದ್ದರೆ ಇನ್ನೊಂದು ವರ್ಷ ಕೆಲಸದಲ್ಲಿದ್ದು ಮತ್ತೆ ಬರೆಯುವುದಕ್ಕೆ ತಂಗಿಯೂ ಒಪ್ಪಿದ್ದಾಳೆ. ತಂದೆಯವರು ಪರೀಕ್ಷೆ ಬರೆಯಲು ಅಡ್ಡಿಯಿಲ್ಲವೆಂದಿದ್ದಾರೆ; ಅದಕ್ಕಿಂತ ಮುಂದಕ್ಕೆ ಅವರು ಬಂದಿಲ್ಲ.

ಹಿಂದಿನ ವರ್ಷಗಳ ಸೀಡ್ ಪ್ರಶ್ನೆಪತ್ರಿಕೆಗಳು ಪರೀಕ್ಷೆಯ ಜಾಲತಾಣದಲ್ಲಿ ಯಾರಿಗೂ ಸಿಗುತ್ತವೆ. ಕೆಲವನ್ನು ಮುದ್ರಿಸಿ ತಂದು ಅಲ್ಲಿ ಚಹಾದ ಮೇಜಿನ ಪಕ್ಕದಲ್ಲಿ ಇಟ್ಟಿದ್ದೇನೆ, ಪೆನ್ಸಿಲುಗಳೂ ಇವೆ. ಮಕ್ಕಳು ಮಾತ್ರವಲ್ಲ, ಹಿರಿಯರೂ ಒಂದೊಂದನ್ನು ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಅರ್ಜಿಯ ಕೊನೆಯ ದಿನಾಂಕವನ್ನು ಫಲಕದ ಮೇಲೆ ಬರೆದಿದ್ದೇನೆ. ತುಂಬುವಾಗ ತೊಡಕಾದರೆ ರವಿವಾರ ಬೆಳಿಗ್ಗೆ ನಾನೂ ತಂಗಿಯೂ ಸಂಘದ ವಾಚನಾಲಯದಲ್ಲಿ ಇರುತ್ತೇವೆ.