ಬ್ಯಾಸರ ಅಂದರೆ ಯಾವ ಬ್ಯಾಸರ?



ಹೊಟ್ಟೆನೋವೆಂದು ಬಂದಾಗ ಚುಚ್ಚುತ್ತದೆಯೋ, ಉರಿಯುತ್ತದೆಯೋ, ಹಿಂಡುತ್ತದೆಯೋ ಎಂದು ಕೇಳುತ್ತೇವೆ. ನೀವೂ ಸರಿಯಾಗಿ ಹೇಳುತ್ತೀರಿ. ಮನಸ್ಸು ಹೇಗಿದೆ ಎಂದರೆ ಮಾತ್ರ ‘ಏನಿಲ್ರೀ, ಆರಾಮ’ ಎಂದುಬಿಡುತ್ತೀರಿ. ಬಹಳವಾದರೆ ‘ಟೆನ್ಶನ್ರೀ’. ಇಷ್ಟರಿಂದ ವೈದ್ಯರಿಗೆ ಏನು ತಿಳಿದೀತು?

ನಮ್ಮ ಮಾತಿಗೆ ಪದಗಳ ಬಡತನವಿಲ್ಲ. ಮನೆಯಲ್ಲಿ ಸಾವಾದರೆ ದುಃಖ, ಅಳುವುದು ಸಹಜ. ಸಾಲ ತೀರುವುದು ಹೇಗೆಂಬುದು ಚಿಂತೆ. ಆದದ್ದನ್ನೇ ನೆನೆದು ಕೊರಗುವುದು ಹಳಹಳಿ. ಕುಳಿತಲ್ಲಿ ಕೂರಲಾಗದಿದ್ದರೆ ತಳಮಳ. ಬೇಸರವೆಂಬ ಪದವೇ ಸ್ವಲ್ಪ ಮೋಸದ್ದು: ಬಸ್ಸು ತಡವಾದರೂ ಬೇಸರ, ಬದುಕೇ ಸಾಕೆನಿಸಿದರೂ ಬೇಸರ! ಆದ್ದರಿಂದ ಬೇಸರವೆಂದ ಮೇಲೆ ಇನ್ನೂ ನಾಲ್ಕು ಮಾತು ಸೇರಿಸಿ. ಎಂದಿನಿಂದ? ಯಾವ ಹೊತ್ತಿಗೆ ಹೆಚ್ಚು? ಮೊಮ್ಮಗ ಬಂದು ತೊಡೆಯೇರಿದರೂ ಸಂತೋಷವಾಗುವುದಿಲ್ಲವೆ? ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲವೆ? ಊಟ ಸೇರುವುದಿಲ್ಲವೆ? ಇಂಥವು 2 ವಾರ ಅಥವಾ ಹೆಚ್ಚು ಕಾಲ, ದಿನದ ಬಹುಪಾಲು ಇದ್ದರೆ ಖಿನ್ನತೆಯ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಥೈರಾಯ್ಡ್ ಗ್ರಂಥಿ ಮಂದವಾದರೂ, ರಕ್ತ ಕಡಿಮೆಯಾದರೂ ಹೀಗೇ ಸುಸ್ತು, ನಿರುತ್ಸಾಹ ಕಾಣಬಹುದು. ರಕ್ತಪರೀಕ್ಷೆ ಬರೆಯುವುದು ಅದಕ್ಕೇ.

ಎಷ್ಟೋ ಜನರಿಗೆ ಮನಸ್ಸಿನ ಭಾರ ಮೈಯ ಮಾತಿನಲ್ಲೇ ಬರುತ್ತದೆ. ‘ಎದಿ ಭಾರ ಆಗೈತಿ’, ‘ಕೈಕಾಲು ಸೋತಾವ’. ಹಾಗೆಯೇ ಹೇಳಿ, ಪುಸ್ತಕದ ಪದ ಬೇಕಿಲ್ಲ. ಎದೆ ಭಾರವೆಂದರೆ ಮೊದಲು ಇಸಿಜಿ ಮಾಡಿ ಹೃದಯ ನೋಡುತ್ತೇವೆ. ಹೃದಯದಲ್ಲಿ ದೋಷ ಕಾಣದಿದ್ದರೆ ‘ಇವರಿಗೆ ಏನೂ ಇಲ್ಲ’ ಎಂದು ಮನೆಯವರು ತಿಳಿಯಬಾರದು.

ಜೊತೆಗೆ ಬಂದವರಿಗೂ ಒಂದು ಮಾತು. ರೋಗಿಯನ್ನು ಕೇಳಿದ್ದಕ್ಕೆ ನೀವೇ ಉತ್ತರ ಕೊಡಬೇಡಿ. ‘ಧೈರ್ಯ ತಗೋ, ಎಲ್ಲರಿಗೂ ಇರೋದೇ’ ಎಂದು ಬಾಯಿ ಮುಚ್ಚಿಸಬೇಡಿ. ‘ಜೀವ ಬ್ಯಾಸತ್ತೈತಿ’, ‘ನಾ ಇದ್ದು ಏನ ಮಾಡೋದೈತಿ’ ಎಂಬ ಮಾತು ಬಂದರೆ, ಸಾಯಬೇಕೆನಿಸುತ್ತದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಹೌದೆಂದರೆ ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿ, ಮಾತ್ರೆಗಳು ಕೈಗೆ ಸಿಗದಂತೆ ಇಡಿ. ಇಲ್ಲಿದ್ದರೆ ಕೂಡಲೆ ವೈದ್ಯರಿಗೋ ಸಿಸ್ಟರಿಗೋ ತಿಳಿಸಿ. ಮನೆಯಲ್ಲಿದ್ದರೆ ಆಸ್ಪತ್ರೆಗೆ ಕರೆತನ್ನಿ. ಏನು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.