ಹಿಂದಿನಿಂದ ಗುದ್ದಿದವನದೇ ತಪ್ಪೇ?

(ನೀರಮಾನ್ವಿಯಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಪ್ರೀತಿಯ ಸಂಘದ ಸದಸ್ಯೆಯರೆ, ಹಿಂದೆ ನಿಂತು ಕೇಳುತ್ತಿರುವ ಟಂಟಂ ಚಾಲಕ ಸಹೋದರರೆ,

ಈ ದಿನ ಸಾಲ, ಉಳಿತಾಯದ ಲೆಕ್ಕ ಬದಿಗಿಟ್ಟು ರಸ್ತೆಯ ವಿಷಯ ಮಾತಾಡೋಣ. ಸುಗ್ಗಿ ಬಂತೆಂದರೆ ನಮ್ಮ ರಸ್ತೆಯಲ್ಲಿ ಭತ್ತ, ಹತ್ತಿ ಹೇರಿದ ಟ್ರ್ಯಾಕ್ಟರುಗಳ ಸಾಲು. ಎಷ್ಟೋ ಟ್ರೇಲರಿಗೆ ಹಿಂದೆ ಕೆಂಪು ದೀಪವೇ ಇರುವುದಿಲ್ಲ. ನೀವು ಕೂಲಿ ಮುಗಿಸಿ ಟಂಟಂ ಹತ್ತುವುದೂ ಅದೇ ಮುಸ್ಸಂಜೆ ಹೊತ್ತಿಗೆ.

ಕೆಲವು ವರ್ಷಗಳ ಹಿಂದೆ ಒಬ್ಬ ಚಾಲಕ ನನ್ನ ಹತ್ತಿರ ಬಂದಿದ್ದ. ಅವನ ಗಾಡಿ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿತ್ತು. ದೇವರ ದಯೆ, ಜೀವ ಹೋಗಲಿಲ್ಲ. ಒಬ್ಬಾಕೆಯ ಮುಂಗೈ ಮುರಿದಿತ್ತು. ಅತಿವೇಗ, ಅಜಾಗರೂಕತೆ ಎಂದು ಇವನ ಮೇಲೆ ಕೇಸು. "ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟು, ಒಂದೇ ದಿನಕ್ಕ ಮುಗೀತದ" ಎಂದು ಎಲ್ಲರೂ ಹೇಳಿದ್ದರು. ನಾಚಿಕೆಯಿಂದ ಹೇಳುತ್ತೇನೆ, ನಾನೂ ಅದನ್ನೇ ಹೇಳಿದೆ. ಎಂ.ಎಸ್.ಡಬ್ಲ್ಯೂ. ಓದಿದವಳು, ಕಾಗದ ನೋಡದೆ ಸಲಹೆ ಕೊಟ್ಟೆ! ಅವನು, "ಸಿಸ್ಟರ್, ಟ್ರೇಲರಿಗೆ ಲೈಟ್ ಇರಲಿಲ್ಲ, ನಡು ರಸ್ತ್ಯಾಗ ನಿಂತಿತ್ತು. ಅದನ್ಯಾರೂ ಕೇಳವಲ್ರು" ಎಂದ. ಆಮೇಲೆ ವಕೀಲರ ಹತ್ತಿರ ಕೂತು ನಾನೂ ಕಲಿತೆ.

ಆಗ ಇದು ಭಾರತೀಯ ದಂಡ ಸಂಹಿತೆಯ ೨೭೯ನೇ ಕಲಂ. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೨೮೧. ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಗಾಯವಾದರೆ ಬೇರೆ ಕಲಂ ಸೇರುತ್ತದೆ. ದಂಡ ಚಿಕ್ಕದು ಅನ್ನಿಸಬಹುದು. ಆದರೆ ಒಪ್ಪಿಕೊಂಡ ಮೇಲೆ ಅಪರಾಧಿ ಎಂಬ ಹೆಸರು ಉಳಿಯುತ್ತದೆ, ಅದರ ವಿರುದ್ಧ ಮೇಲ್ಮನವಿ ಸಾಮಾನ್ಯವಾಗಿ ನಡೆಯುವುದಿಲ್ಲ. ಪರಿಹಾರದ ಕೇಸಿನಲ್ಲೂ ಆ ಒಪ್ಪಿಗೆಯನ್ನು ತೋರಿಸುತ್ತಾರೆ.

ಹಾಗಂತ ಹಿಂದಿನವನದು ಏನೂ ಇಲ್ಲವೆಂದಲ್ಲ. ಮುಂದಿನ ಗಾಡಿ ಏಕಾಏಕಿ ನಿಂತರೂ ತಾಗದಷ್ಟು ಅಂತರ ಬಿಡಬೇಕು, ಇದು ನಿಯಮ. ಲಾರಿಯ ಹಿಂದೆ ಹತ್ತು ಹದಿನೈದು ಅಡಿಯಲ್ಲೇ ಹೋಗುತ್ತಿದ್ದ ಕಾರು ಗುದ್ದಿದಾಗ, ಸುಪ್ರೀಂ ಕೋರ್ಟು ೨೦೧೮ರಲ್ಲಿ ಲಾರಿಯವನ ತಪ್ಪು ಸಾಬೀತಾಗಿಲ್ಲ ಎಂದಿತು. ೨೦೨೫ರ ಜುಲೈನಲ್ಲಿ ಅದೇ ಕೋರ್ಟು ಕೊಯಮತ್ತೂರಿನ ಒಂದು ಕೇಸಿನಲ್ಲಿ ಇನ್ನೊಂದು ಮಾತು ಹೇಳಿತು. ಹೆದ್ದಾರಿಯಲ್ಲಿ ಸೂಚನೆ ಕೊಡದೆ ಬ್ರೇಕ್ ಹಾಕಿದ ಕಾರಿನವನ ಪಾಲು ನೂರಕ್ಕೆ ೫೦, ಹಿಂದಿನಿಂದ ತಾಗಿದ ಬೈಕಿನ ಹುಡುಗನದು ೨೦, ಆಮೇಲೆ ಅವನ ಮೇಲೆ ಹರಿದ ಬಸ್ಸಿನದು ೩೦. ಆ ವಿದ್ಯಾರ್ಥಿ ಕಾಲು ಕಳೆದುಕೊಂಡಿದ್ದ.

ಇವೆರಡೂ ಪರಿಹಾರದ ಕೇಸುಗಳು. ಶಿಕ್ಷೆಯ ಕೇಸಿನಲ್ಲಿ ಅಜಾಗರೂಕತೆಯನ್ನು ಸರಕಾರದ ಕಡೆಯವರೇ ಸಾಬೀತು ಮಾಡಬೇಕು. ನಮ್ಮ ರಾಜ್ಯದ್ದೇ ಕೇಸು, ಕರ್ನಾಟಕ ಸರಕಾರ ವಿರುದ್ಧ ಸತೀಶ್. ಲಾರಿ ಮಗುಚಿ ಹಲವರು ಸತ್ತಿದ್ದರು. 'ಜೋರಾಗಿ ಬಂದ' ಎಂದು ಸಾಕ್ಷಿ ಹೇಳಿದರಷ್ಟೇ ಸಾಲದು ಎಂದು ೧೯೯೮ರಲ್ಲಿ ತೀರ್ಪಾಯಿತು.

ಕಾಗದಗಳನ್ನು ಕೇಳಿ ಪಡೆಯಿರಿ. ದೋಷಾರೋಪ ಪಟ್ಟಿಯ ನಕಲು ಆರೋಪಿಗೆ ಪುಕ್ಕಟೆ ಕೊಡಬೇಕು. ಸ್ಥಳ ಪಂಚನಾಮೆಯ ನಕ್ಷೆಯಲ್ಲಿ ಟ್ರ್ಯಾಕ್ಟರು ಎಲ್ಲಿ ನಿಂತಿದೆ, ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಬ್ರೇಕು, ದೀಪದ ಬಗ್ಗೆ ಏನಿದೆ, ನೋಡಿರಿ. ಇವತ್ತು ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಕಳಿಸಿ, ಆಮೇಲೆ ಫೋಟೋ. ಓಡಿ ಹೋಗಬೇಡಿ, ಅದು ಬೇರೆಯೇ ಅಪರಾಧ.

ನನಗೆ ಕಷ್ಟವಾದದ್ದು ಬೇರೆ. ಕೈ ಮುರಿದಾಕೆಯೂ ನಮ್ಮ ಸಂಘದವಳೇ. "ಅಂವಾ ಬಿಡುಗಡೆ ಆದ್ರ ನನ್ನ ಪರಿಹಾರ ಹೋಗ್ತದೇನ್ರಿ?" ಎಂದು ಕೇಳಿದಳು. ಹೋಗುವುದಿಲ್ಲ. ಪರಿಹಾರದ ಕೇಸಿಗೆ ಅಷ್ಟು ಕಠಿಣ ಸಾಕ್ಷ್ಯ ಬೇಕಿಲ್ಲ. ಎರಡು ಗಾಡಿಗಳ ತಪ್ಪಿದ್ದರೆ ಪ್ರಯಾಣಿಕಳು ಯಾರಿಂದ ಬೇಕಾದರೂ ಪೂರ್ತಿ ಕೇಳಬಹುದು. ಆದರೆ ಈಗ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು, ಮರೆಯಬೇಡಿ.

ಆಕೆ ಕೋರ್ಟಿನಲ್ಲಿ ಕಂಡದ್ದನ್ನೇ ಹೇಳಿದಳು: ಗಾಡಿ ಜೋರಿರಲಿಲ್ಲ, ಟ್ರೇಲರಿಗೆ ದೀಪವಿರಲಿಲ್ಲ. ಅವನು ಬಿಡುಗಡೆಯಾದ. ಹೊರಗೆ ಬಂದವನು ನನಗೆ ಮೆಲ್ಲಗೆ, "ಸಿಸ್ಟರ್, ನಾನೂ ಭಾಳ ಹತ್ರ ಹೋಗಿದ್ದೆ" ಎಂದ. ಆಕೆಗೂ ಅದನ್ನು ಹೇಳು ಎಂದೆ. ಹೋಗಿ ಹೇಳಿದ.

ವಕೀಲರಿಗೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ, ಇಲ್ಲವೆ ೧೫೧೦೦ಕ್ಕೆ ಫೋನ್ ಮಾಡಿರಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಈಗ ಹಿಂದೆ ನಿಂತವರು ಮುಂದೆ ಬನ್ನಿ, ನಿಮ್ಮ ಪ್ರಶ್ನೆ ಕೇಳಿ.